ಓಲೆಗರಿಯ ಛಾಯಾಗ್ರಹಣ: ಸ್ಮಾರ್ಟ್‌ಫೋನು ಚಿಕ್ಕ ಕ್ಯಾಮರಾದ ಸ್ಥಾನವನ್ನು ತುಂಬಬಲ್ಲುದೆ?

ಹಸ್ತಪ್ರತಿಗಳ ಶೋಧಕ್ಕಾಗಿ ಬಸದಿ, ಮಠ ಮತ್ತು ಹಳೆಯ ಮನೆತನಗಳ ಭಂಡಾರಗಳಿಗೆ ಹೊರಡುವ ತರುಣ ಸಂಶೋಧಕರು ಈಚೆಗೆ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಲಿಪಿಗೆ ಸಂಬಂಧಿಸಿದ್ದಲ್ಲ, ಭಾಷೆಗೂ ಸಂಬಂಧಿಸಿದ್ದಲ್ಲ. ಗರಿಗಳ ಚಿತ್ರವನ್ನು ಫೋನಿನಲ್ಲಿಯೇ ತೆಗೆದುಕೊಂಡರೆ ಸಾಲದೆ, ಅದಕ್ಕೆಂದು ಬೇರೊಂದು ಕ್ಯಾಮರಾವನ್ನು ಹೊತ್ತುಕೊಂಡು ಹೋಗಬೇಕೆ ಎಂಬುದೇ ಆ ಪ್ರಶ್ನೆ. ಇದು ಯಂತ್ರದ ವ್ಯಾಪಾರಿಯನ್ನು ಕೇಳಬೇಕಾದ ಮಾತೆಂದು ನಾನು ಬಹುಕಾಲ ಉಪೇಕ್ಷಿಸಿದ್ದೆನು. ಆದರೆ ಒಂದು ಸೊನ್ನೆಯ ದೆಸೆಯಿಂದ ನನ್ನದೇ ಪಾಠವೊಂದು ತಪ್ಪಿದ ಮೇಲೆ ಇದು ಗ್ರಂಥಸಂಪಾದನೆಗೆ ಸೇರಿದ ಪ್ರಶ್ನೆಯೆಂಬುದು ಮನವರಿಕೆಯಾಯಿತು. ಆದಕಾರಣ ಈ ವಿಷಯದಲ್ಲಿ ನನ್ನ ಅನುಭವಕ್ಕೆ ಬಂದುದನ್ನೂ ತಿಳಿದವರಿಂದ ಕೇಳಿ ಅರಿತುದನ್ನೂ ವಿದ್ವಾಂಸರ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಪ್ರತಿಯೊಂದರಿಂದ ಮತ್ತೊಂದು ಪ್ರತಿಯಾಗುವಾಗ ಒಂದು ಶಬ್ದ ಬಿಟ್ಟುಹೋದರೆ ಏನಾಗುತ್ತದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಶಬ್ದವಿದೆಯೋ ಇಲ್ಲವೋ ಎಂಬ ವಾದವನ್ನು ಎಲ್ಲರೂ ಬಲ್ಲರು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಹೊರಬಂದಾಗ ಮುದ್ರಣಕ್ಕೆ ಆಧಾರವಾಗಿದ್ದುದು ಪ್ರತಿಲಿಪಿಗಳು. ಅವುಗಳಲ್ಲಿ ಆ ಶಬ್ದವಿರಲಿಲ್ಲ. ಅರ್ಥಸಂಗತಿಯಿಂದ ಅದು ಇರಬೇಕೆಂದು ಸಂಪಾದಕರು ಊಹಿಸಿದರು. ಮುಂದೆ ಮೂಡುಬಿದಿರೆಯ ತಾಡಪತ್ರವನ್ನು ನೋಡಿದಾಗ ಶಬ್ದವು ಅಲ್ಲಿತ್ತು. ಇಷ್ಟರ ನಡುವೆ ನಡೆದ ಚರ್ಚೆಯ ಕಾವು ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಗರಿಯ ಒಂದು ನಿರ್ದುಷ್ಟವಾದ ಛಾಯಾಚಿತ್ರ ಸಂಪಾದಕರ ಮೇಜಿನ ಮೇಲೆ ಮೊದಲೇ ಇದ್ದಿದ್ದರೆ ವಾದವು ಸಿದ್ಧಾಂತದ ಅರ್ಥವನ್ನು ಕುರಿತು ಮಾತ್ರ ನಡೆಯುತ್ತಿತ್ತು. ಪಾಠದ ಅಸ್ತಿತ್ವವನ್ನು ಕುರಿತು ನಡೆಯುತ್ತಿರಲಿಲ್ಲ.

ಛಾಯಾಚಿತ್ರವೂ ಒಂದು ಪ್ರತಿಯೇ. ಲಿಪಿಕಾರನ ಗುಣದೋಷಗಳನ್ನು ವಿಚಾರಿಸುವಂತೆ ಈ ಹೊಸ ಲಿಪಿಕಾರನ ಗುಣದೋಷಗಳನ್ನೂ ವಿಚಾರಿಸಬೇಕು.

ಮೊದಲು ಉಪಕರಣಗಳ ಸ್ಥಿತಿಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಚಿತ್ರ ತೆಗೆದು ಕಳುಹಿಸಬಲ್ಲ ಫೋನು ಜಪಾನಿನಲ್ಲಿ 2000ದಲ್ಲಿ ಮಾರಾಟಕ್ಕೆ ಬಂದಾಗ ಅದರ ಚಿತ್ರದಲ್ಲಿ ಸುಮಾರು 1 ಲಕ್ಷ 10 ಸಾವಿರ ಬಿಂದುಗಳು ಮಾತ್ರ ಇದ್ದವು. ಅದರಲ್ಲಿ ಓಲೆಗರಿಯನ್ನು ಓದುವ ಮಾತೇ ಇರಲಿಲ್ಲ. ಜೇಬಿನಲ್ಲಿ ಹಿಡಿಯುವ, ಮಸೂರವನ್ನು ಕಳಚಲಾಗದ ಚಿಕ್ಕ ಡಿಜಿಟಲ್ ಕ್ಯಾಮರಾಗಳು ಆಗ ಪ್ರಬಲವಾಗಿದ್ದವು. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಇಂಥವು 10 ಕೋಟಿಗೂ ಹೆಚ್ಚು ರವಾನೆಯಾದವು. 2023ರಲ್ಲಿ ಆ ಸಂಖ್ಯೆ 20 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಲೋಕವು ಈ ಪ್ರಶ್ನೆಗೆ ತನ್ನ ಉತ್ತರವನ್ನು ಆಗಲೇ ಕೊಟ್ಟಾಗಿದೆ ಎಂದು ಯಾರಾದರೂ ಹೇಳಬಹುದು. ಆದರೆ ಲೋಕವು ತೆಗೆಯುವುದು ಮದುವೆ ಮುಂಜಿಗಳ ಚಿತ್ರ. ಅಲ್ಲಿ ಮುಖವು ಚೆನ್ನಾಗಿ ಕಂಡರೆ ಸಾಕು.

ಚಿಕ್ಕ ಕ್ಯಾಮರಾಗಳನ್ನೆಲ್ಲ ಒಂದೇ ಎಂದು ಭಾವಿಸುವುದರಿಂದ ಗೊಂದಲವುಂಟಾಗುತ್ತದೆ. ಬೆಳಕನ್ನು ಗ್ರಹಿಸುವ ಫಲಕಕ್ಕೆ ಸೆನ್ಸರ್ ಎಂದು ಹೆಸರು. ಕಡಮೆ ಬೆಲೆಯ ಚಿಕ್ಕ ಕ್ಯಾಮರಾಗಳಲ್ಲಿ ಇದರ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರು. 'ಒಂದು ಅಂಗುಲ'ದ್ದೆಂದು ಕರೆಯಲ್ಪಡುವ ಸೆನ್ಸರುಳ್ಳವುಗಳಲ್ಲಿ, ಉದಾಹರಣೆಗೆ 2012ರಲ್ಲಿ ಬಂದ ಸೋನಿ ಆರ್‌ಎಕ್ಸ್ 100ರಲ್ಲಿ, 13.2 ಮಿ.ಮೀ. ಉದ್ದ 8.8 ಮಿ.ಮೀ. ಅಗಲ, ಎಂದರೆ ಸುಮಾರು 116 ಚದರ ಮಿಲಿಮೀಟರು. (ಅದು ಒಂದು ಅಂಗುಲ ಹೇಗಾಯಿತೆಂದು ಕೇಳಬಾರದು, ಹಳೆಯ ದೂರದರ್ಶನ ನಳಿಗೆಗಳ ಕಾಲದ ರೂಢಿನಾಮವಂತೆ.) ಈಗಿನ ಉತ್ತಮ ಫೋನುಗಳ ಮುಖ್ಯ ಕ್ಯಾಮರಾದಲ್ಲಿ ಇದು 70 ಚದರ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಮೊದಲ ಜಾತಿಯ ಕ್ಯಾಮರಾವನ್ನು ಫೋನು ಎಂದೋ ಮೀರಿಸಿದೆ. ಮನೆಯಲ್ಲಿ ಅಂಥದೊಂದು ಹಳೆಯದು ಇದೆಯೆಂದು ಅದನ್ನೇ ಭಂಡಾರಕ್ಕೆ ಒಯ್ಯುವುದರಲ್ಲಿ ಅರ್ಥವಿಲ್ಲ. ನಮ್ಮ ವಿಚಾರವು ಎರಡನೆಯ ಜಾತಿಯದನ್ನು ಕುರಿತುದು.

ಇನ್ನು ಚಿತ್ರಕ್ಕೆ ವಿಷಯವಾದ ಗರಿ. ಕಾಗದದ ಪುಟಕ್ಕೂ ಗರಿಗೂ ಇರುವ ಮುಖ್ಯ ಭೇದವನ್ನು ಛಾಯಾಗ್ರಹಣದ ಪುಸ್ತಕಗಳು ಹೇಳುವುದಿಲ್ಲ. ಕ್ಯಾಮರಾದ ಚೌಕಟ್ಟು 4ಕ್ಕೆ 3 ಅಥವಾ 3ಕ್ಕೆ 2ರ ಪ್ರಮಾಣದ್ದು. ಗರಿಯಾದರೋ 10ಕ್ಕೆ 1ರ ಪ್ರಮಾಣದ್ದು. 45 ಸೆಂ.ಮೀ. ಉದ್ದ, 4.5 ಸೆಂ.ಮೀ. ಅಗಲದ, ಪುಟಕ್ಕೆ 8 ಪಂಕ್ತಿಗಳುಳ್ಳ ಒಂದು ಗರಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಅಕ್ಷರದ ಎತ್ತರ 2.5 ಮಿ.ಮೀ., ಸೊನ್ನೆಯ ಅಗಲ 1 ಮಿ.ಮೀ., ಕಂಠವು ಕೊರೆದ ಗೆರೆಯ ದಪ್ಪ 0.2 ಮಿ.ಮೀ. ಎಂದಿರಲಿ. ಗರಿಯ ಪೂರ್ತಿ ಉದ್ದವನ್ನು ಒಂದೇ ಚಿತ್ರದಲ್ಲಿ ಹಿಡಿದರೆ ಚೌಕಟ್ಟಿನ ಬಹುಭಾಗ ಕೆಳಗೆ ಹಾಸಿದ ಬಟ್ಟೆಯ ಚಿತ್ರಕ್ಕೆ ವ್ಯಯವಾಗುತ್ತದೆ. ಫೋನಿನ ಸಾಮಾನ್ಯ ಚಿತ್ರದಲ್ಲಿ ಅಡ್ಡಲಾಗಿ 4032 ಬಿಂದುಗಳಿರುತ್ತವೆ. ಅವನ್ನು 450 ಮಿ.ಮೀ.ಗೆ ಹಂಚಿದರೆ ಮಿಲಿಮೀಟರಿಗೆ 9 ಬಿಂದುಗಳು ಬಂದವು. ಸೊನ್ನೆಯ ಗೆರೆಗೆ ಎರಡು ಬಿಂದುವೂ ಪೂರ್ತಿ ದಕ್ಕಲಿಲ್ಲ. ಮೇಲೆ ಹೇಳಿದ ಕ್ಯಾಮರಾದಲ್ಲಿ ಅಡ್ಡಲಾಗಿ 5472 ಬಿಂದುಗಳು, ಮಿಲಿಮೀಟರಿಗೆ 12. ಇದೂ ಸಂತೃಪ್ತಿಕರವಲ್ಲ.

ಅದೇ ಗರಿಯನ್ನು ಮೂರು ಭಾಗಗಳಾಗಿ, ಅಂಚುಗಳು ಒಂದರ ಮೇಲೊಂದು ಸ್ವಲ್ಪ ಸೇರುವಂತೆ, 17 ಸೆಂ.ಮೀ.ಗಳಂತೆ ತೆಗೆದರೆ ಫೋನಿನಲ್ಲಿಯೇ ಮಿಲಿಮೀಟರಿಗೆ 23ಕ್ಕಿಂತ ಹೆಚ್ಚು ಬಿಂದುಗಳು ದೊರಕುತ್ತವೆ. ಕ್ಯಾಮರಾದಿಂದ ಒಂದೇ ಸಲಕ್ಕೆ ತೆಗೆದ ಚಿತ್ರಕ್ಕಿಂತ ಫೋನಿನಿಂದ ಮೂರು ಸಲ ತೆಗೆದದ್ದು ಸರಿಸುಮಾರು ಇಮ್ಮಡಿ ಸೂಕ್ಷ್ಮ. ಆದುದರಿಂದ, ಉಪಕರಣ ಯಾವುದೆಂಬುದಕ್ಕಿಂತ ಮೊದಲು ಕೇಳಬೇಕಾದುದು ಗರಿಯನ್ನು ಎಷ್ಟು ಖಂಡಗಳಾಗಿ ತೆಗೆಯಲಾಗಿದೆ ಎಂಬುದು. ಒಂದು ಕಟ್ಟಿನಲ್ಲಿ 200 ಗರಿಗಳಿದ್ದರೆ ಎರಡು ಮಗ್ಗುಲಿಗೆ ಮೂರು ಮೂರರಂತೆ 1200 ಚಿತ್ರಗಳಾಗುತ್ತವೆ. ಎರಡು ದಿನದ ಕೆಲಸ ಆರು ದಿನಕ್ಕೆ ಎಳೆಯುತ್ತದೆ. ನಮ್ಮವರು ಬೇಸರಗೊಳ್ಳುವುದು ಇಲ್ಲಿಯೇ. ಬೇಸರದಿಂದ ಉಳಿಸಿದ ನಾಲ್ಕು ದಿನಗಳನ್ನು ಮುಂದೆ ಪಾಠನಿರ್ಣಯದಲ್ಲಿ ನಾಲ್ಕು ತಿಂಗಳುಗಳಾಗಿ ತೆರಬೇಕಾಗುತ್ತದೆ.

48 ಮೆಗಾಪಿಕ್ಸೆಲ್ ಎಂದು ಸಾರುವ ಫೋನುಗಳ ಮಾತೇನೆಂದು ಕೇಳಬಹುದು. ಲೆಕ್ಕಕ್ಕೆ ಅಡ್ಡಲಾಗಿ 8064 ಬಿಂದುಗಳು ಬರುತ್ತವೆ, ನಿಜ. ಆದರೆ ಆ ಸೆನ್ಸರುಗಳಲ್ಲಿ ಅಕ್ಕಪಕ್ಕದ ನಾಲ್ಕು ಬಿಂದುಗಳಿಗೆ ಒಂದೇ ಬಣ್ಣದ ಶೋಧಕವನ್ನು ಹೊದಿಸಿರುತ್ತಾರೆ. ಸಾಮಾನ್ಯವಾಗಿ ನಾಲ್ಕನ್ನೂ ಕೂಡಿಸಿ ಒಂದಾಗಿ ಎಣಿಸಲಾಗುತ್ತದೆ. ಬಿಡಿಬಿಡಿಯಾಗಿ ಎಣಿಸಿದಾಗ ನಡುವಣ ವರ್ಣವಿವರವನ್ನು ಯಂತ್ರವು ಊಹಿಸಿ ತುಂಬುತ್ತದೆ. ಒಳ್ಳೆಯ ಬೆಳಕಿನಲ್ಲಿ ಇದರಿಂದ ಪ್ರಯೋಜನವಿದೆ. ಆದರೆ ಸಂಖ್ಯೆ ನಾಲ್ಕು ಮಡಿಯಾಯಿತೆಂದು ಸೂಕ್ಷ್ಮತೆಯೂ ಅಷ್ಟೇ ಬೆಳೆಯಿತೆಂದು ನಂಬುವಂತಿಲ್ಲ.

ಖಂಡಖಂಡವಾಗಿ ತೆಗೆಯಲು ಹೊರಟಾಗ ಫೋನಿನ ಮೊದಲ ತೊಡಕು ಕಾಣಿಸಿಕೊಳ್ಳುತ್ತದೆ. ಅದರ ಮುಖ್ಯ ಮಸೂರವು ವಿಶಾಲಕೋನದ್ದು. 17 ಸೆಂ.ಮೀ. ಅಗಲವನ್ನು ಚೌಕಟ್ಟಿಗೆ ತುಂಬಿಸಬೇಕಾದರೆ ಫೋನನ್ನು ಗರಿಗೆ ಸುಮಾರು 12 ಸೆಂ.ಮೀ. ಹತ್ತಿರ ಒಯ್ಯಬೇಕು. ಆಗ ಫೋನಿನ ನೆರಳು ಗರಿಯ ಮೇಲೆ ಬೀಳುತ್ತದೆ. ಅಷ್ಟಕ್ಕೆ ಮುಗಿಯುವುದಿಲ್ಲ. ದೊಡ್ಡ ಸೆನ್ಸರಿನ ಹೊಸ ಫೋನುಗಳಲ್ಲಿ ಮುಖ್ಯ ಮಸೂರವು ಸುಮಾರು 20 ಸೆಂ.ಮೀ.ಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಇನ್ನೂ ಹತ್ತಿರ ಹೋದರೆ ಅನೇಕ ಫೋನುಗಳು ತಾವಾಗಿಯೇ ಇನ್ನೊಂದು ಅತಿವಿಶಾಲಕೋನದ ಮಸೂರಕ್ಕೆ ಬದಲಾಗುತ್ತವೆ. ಅದರ ಹಿಂದಿರುವ ಸೆನ್ಸರು ಚಿಕ್ಕದು, ಅಂಚುಗಳು ಬಾಗುತ್ತವೆ, ಚಿತ್ರದ ಗುಣ ಕುಂದುತ್ತದೆ. ತೆಗೆಯುವವನಿಗೆ ಇದರ ಅರಿವೇ ಇರುವುದಿಲ್ಲ. ಬೆಲೆಬಾಳುವ ಕ್ಯಾಮರಾದಿಂದಲೇ ತೆಗೆದೆನೆಂದು ತಿಳಿದಿರುತ್ತಾನೆ. ಎರಡು ಪಟ್ಟು ಹಿಗ್ಗಿಸುವ ಗುಂಡಿಯನ್ನು ಒತ್ತಿ 24 ಸೆಂ.ಮೀ. ದೂರದಲ್ಲಿ ಫೋನನ್ನು ನಿಲ್ಲಿಸುವುದು ಇದಕ್ಕೆ ತಕ್ಕ ಪರಿಹಾರ.

ಕ್ಯಾಮರಾದಲ್ಲಿ ಈ ತೊಡಕಿಲ್ಲ. ಮೇಲೆ ಹೆಸರಿಸಿದ ಮಾದರಿಯ ಮಸೂರವನ್ನು ಪೂರ್ತಿ ಹಿಗ್ಗಿಸಿದಾಗ ಅದು 55 ಸೆಂ.ಮೀ. ದೂರದಿಂದ ಸ್ಪಷ್ಟವಾಗಿ ಹಿಡಿಯುತ್ತದೆ. ಅಲ್ಲಿಂದ ಚೌಕಟ್ಟಿನಲ್ಲಿ ಸುಮಾರು 20 ಸೆಂ.ಮೀ. ಅಗಲ ಬರುತ್ತದೆ. ಗರಿಯನ್ನು ಮೂರು ಖಂಡ ಮಾಡಲು ಹೇಳಿ ಮಾಡಿಸಿದಂಥ ಅಳತೆ. ಅರ್ಧ ಮೀಟರಿನ ಅಂತರವಿರುವುದರಿಂದ ನೆರಳಿನ ಭಯವಿಲ್ಲ. ಓರೆಯಾಗಿ ದೀಪವಿಡಲು ಬೇಕಾದಷ್ಟು ಜಾಗವಿದೆ. ಮುಕ್ಕಾಲಿಗೆ ಬಿಗಿಯುವ ತಿರುಪಿನ ಕಿಂಡಿ ಕ್ಯಾಮರಾದ ತಳದಲ್ಲಿಯೇ ಇರುತ್ತದೆ. ಫೋನಿಗಾದರೆ ಹಿಡಿಕೆಯೊಂದನ್ನು ಬೇರೆ ಕೊಳ್ಳಬೇಕು.

ಒಂದಂಶದಲ್ಲಿ ಫೋನಿಗೆ ಮೇಲುಗೈ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಗರಿ ಸಮತಟ್ಟಾಗಿ ಮಲಗುವುದಿಲ್ಲ, ತುದಿಗಳು ಮೇಲೇಳುತ್ತವೆ. ಗಾಜನ್ನಿಟ್ಟು ಒತ್ತಿದರೆ ಸೀಳುವ ಅಪಾಯವಿದೆ. ಸೆನ್ಸರು ಚಿಕ್ಕದಾದಷ್ಟೂ ಮೇಲು ಕೆಳಗಿನ ಏರಿಳಿತಗಳೆರಡೂ ಸ್ಪಷ್ಟವಾಗಿ ಬರುವ ಆಳ ಹೆಚ್ಚು. ದೊಡ್ಡ ಸೆನ್ಸರಿನ ಕ್ಯಾಮರಾದಲ್ಲಿ ಮಸೂರದ ದ್ವಾರವನ್ನು ಕಿರಿದುಗೊಳಿಸಿ, ಬೆಳಕು ಕಡಮೆಯಾದುದಕ್ಕೆ ಪ್ರತಿಯಾಗಿ ಹೆಚ್ಚು ಹೊತ್ತು ತೆರೆದಿಟ್ಟು ಇದನ್ನು ಸಾಧಿಸಬೇಕು. ಗರಿಯು ಅಲುಗಾಡುವುದಿಲ್ಲವಾದ್ದರಿಂದ ಇದು ಕಷ್ಟವಲ್ಲ. ಆದರೆ ಮಾಡಬೇಕೆಂಬುದು ತಿಳಿದಿರಬೇಕು.

ಈಗ ಸೊನ್ನೆಯ ಪ್ರಸಂಗಕ್ಕೆ ಬರುತ್ತೇನೆ. ಕನ್ನಡ ಲಿಪಿಯಲ್ಲಿ ಬರೆದ ಪ್ರಾಕೃತ ಪ್ರತಿಗಳಲ್ಲಿ ಅಕ್ಷರದ ಹಿಂದಿನ ಸೊನ್ನೆಗೆ ಎರಡು ಕೆಲಸಗಳೆಂಬುದು ಸಂಪಾದಕರಿಗೆ ಸುಪರಿಚಿತ. ಅದು ಅನುಸ್ವಾರವೂ ಆಗಬಹುದು, ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸಬಹುದು. 'ಕಮ್ಮ' ಎಂಬುದನ್ನು ಲಿಪಿಕಾರರು 'ಕಂಮ' ಎಂದು ಬರೆಯುತ್ತಾರೆ. ಆ ಸೊನ್ನೆ ಹೋದರೆ ಉಳಿಯುವುದು 'ಕಮ'. ಮೊದಲನೆಯದು ಕರ್ಮ, ಎರಡನೆಯದು ಕ್ರಮ. ಕರ್ಮಸಿದ್ಧಾಂತದ ಗ್ರಂಥಗಳಲ್ಲಿ ಎರಡೂ ಶಬ್ದಗಳು ಹೆಜ್ಜೆಹೆಜ್ಜೆಗೂ ಬರುವಂಥವು. ಅನೇಕ ಕಡೆ ಎರಡೂ ಹೊಂದಿಕೊಳ್ಳುತ್ತವೆ. ಅಪಾಯವಿರುವುದು ಅದರಲ್ಲಿಯೇ. ಅರ್ಥವಾಗದ ಪಾಠ ಬಂದರೆ ಓದುವವನು ಎಚ್ಚರಗೊಳ್ಳುತ್ತಾನೆ. ಅರ್ಥವಾಗುವ ತಪ್ಪುಪಾಠ ಅವನನ್ನು ಮಲಗಿಸುತ್ತದೆ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಭಂಡಾರದಿಂದ ತರುಣ ಮಿತ್ರರೊಬ್ಬರು ಕರ್ಮವಿಷಯಕವಾದ ಒಂದು ವ್ಯಾಖ್ಯಾನದ ಗರಿಗಳನ್ನು ಫೋನಿನಲ್ಲಿ ಚಿತ್ರಿಸಿ ತಂದುಕೊಟ್ಟರು. ಚಿತ್ರಗಳು ನೋಡಲು ಮನೋಹರವಾಗಿದ್ದವು. ಅಕ್ಷರಗಳು ಕಪ್ಪಗೆ, ಹಿನ್ನೆಲೆ ಹೊನ್ನಿನ ಬಣ್ಣ. ಒಂದು ವಾಕ್ಯದಲ್ಲಿ ನಾನು 'ಕಮ' ಎಂದೇ ಓದಿ, ಸಂಸ್ಕೃತ ಛಾಯೆಯಲ್ಲಿ 'ಕ್ರಮ' ಎಂದು ಬರೆದುಕೊಂಡೆನು. ವಾಕ್ಯ ಚೆನ್ನಾಗಿಯೇ ನಿಂತಿತು. ಎರಡು ಗರಿಗಳ ಆಚೆ ಅದೇ ವಿಷಯ ಮತ್ತೆ ಬಂದಾಗ ಮಾತ್ರ ವ್ಯಾಖ್ಯಾನಕಾರನು ತನಗೆ ತಾನೇ ವಿರುದ್ಧವಾಗಿ ನುಡಿಯುವಂತೆ ತೋರಿತು. ಆ ಆಚಾರ್ಯನಿಗೆ ವಿಸ್ಮೃತಿಯುಂಟಾಯಿತೆಂದು ಟಿಪ್ಪಣಿ ಬರೆಯಲು ಲೇಖನಿ ಎತ್ತಿದ್ದೆನು. ಅದನ್ನು ನೆನೆದರೆ ಈಗಲೂ ಲಜ್ಜೆಯಾಗುತ್ತದೆ.

ಟಿಪ್ಪಣಿಯನ್ನು ಬರೆಯದೆ ಭಂಡಾರಕ್ಕೆ ಹೋದೆನು. ಗರಿಯನ್ನು ಎಡಗಡೆಯಿಂದ ಓರೆಬೆಳಕಿಗೆ ಹಿಡಿದಾಗ 'ಕ'ಕಾರ 'ಮ'ಕಾರಗಳ ನಡುವೆ ಕಿರಿದಾದ ಸೊನ್ನೆ ಇತ್ತು. ಅದರ ಮಸಿ ಉದುರಿಹೋಗಿ, ಕಂಠವು ಕೊರೆದ ಗುರುತು ಮಾತ್ರ ಉಳಿದಿತ್ತು. ನನ್ನ ಚಿಕ್ಕ ಕ್ಯಾಮರಾದ ಚಿತ್ರದಲ್ಲಿ ಅದು ನಿಸ್ಸಂದೇಹವಾಗಿ ಬಂದಿತು. ತರುಣ ಮಿತ್ರರು ತಮ್ಮ ಫೋನಿಗೆ ಅನ್ಯಾಯವಾಗಬಾರದೆಂದು ಅದೇ ಬೆಳಕಿನಲ್ಲಿ, ಅದೇ ದೂರದಿಂದ ಎರಡು ಚಿತ್ರಗಳನ್ನು ತೆಗೆದರು: ಒಂದು ಎಂದಿನಂತೆ, ಇನ್ನೊಂದು ಸಂಸ್ಕಾರವಿಲ್ಲದ ಕಚ್ಚಾ ರೂಪದಲ್ಲಿ. ಎಂದಿನ ಚಿತ್ರದಲ್ಲಿ ಸೊನ್ನೆಯಿಲ್ಲ. ಕಚ್ಚಾ ಚಿತ್ರದಲ್ಲಿ ಮಸುಕಾಗಿ ಇದೆ. ಎಂದರೆ ಫೋನಿನ ಕಣ್ಣು ಸೊನ್ನೆಯನ್ನು ಕಂಡಿತ್ತು. ಅದರ ಬುದ್ಧಿ ಅದನ್ನು ನಾರಿನ ಗೀರೆಂದು ಬಗೆದು ಅಳಿಸಿತ್ತು.

ಹೀಗೇಕಾಗುತ್ತದೆಂದು ವಿಚಾರಿಸಿದಾಗ ತಿಳಿದುದು ಇಷ್ಟು. ಫೋನು ಒಂದು ಚಿತ್ರವನ್ನು ತೆಗೆಯುವುದಿಲ್ಲ. ಕ್ಷಣಮಾತ್ರದಲ್ಲಿ ಹಲವನ್ನು ತೆಗೆದು, ಒಂದರ ಮೇಲೊಂದನ್ನು ಹೊಂದಿಸಿ, ಕೂಡಿಸುತ್ತದೆ. ಬಳಿಕ ಬಣ್ಣದ ಕಣಕಣವಾದ ಕಲೆಯನ್ನು ನುಣುಪುಗೊಳಿಸುತ್ತದೆ, ಅಂಚುಗಳನ್ನು ಹರಿತಗೊಳಿಸುತ್ತದೆ, ಕತ್ತಲೆಯ ಭಾಗಗಳನ್ನು ಬೆಳಗಿಸಿ ಪ್ರಖರವಾದವನ್ನು ತಗ್ಗಿಸುತ್ತದೆ. ಕೊನೆಯ ಸಂಸ್ಕಾರವೇ ನಮಗೆ ಹೆಚ್ಚು ಹಾನಿಕರ. ಮಸಿ ಉದುರಿದ ಅಕ್ಷರವು ಓರೆಬೆಳಕಿನಲ್ಲಿ ಓದಲು ಬರುವುದು ಕೊರೆತದ ಒಂದು ಅಂಚಿನಲ್ಲಿ ಬೀಳುವ ಎಳೆಯಷ್ಟು ನೆರಳಿನಿಂದ. ನೆರಳನ್ನು ದೋಷವೆಂದು ತಿಳಿದು ತೊಡೆಯಲು ಕಲಿತ ಯಂತ್ರಕ್ಕೆ, ನೆರಳೇ ಅಕ್ಷರವಾಗಿರುವ ಗರಿಯನ್ನು ಕೊಟ್ಟಂತಾಯಿತು. ಚಿಕ್ಕ ಕ್ಯಾಮರಾಗಳೂ ಸಾಮಾನ್ಯ ಚಿತ್ರವನ್ನು ಸ್ವಲ್ಪಮಟ್ಟಿಗೆ ಸಂಸ್ಕರಿಸುತ್ತವೆ. ಆದರೆ ಅವುಗಳ ಹಸ್ತಕ್ಷೇಪ ಇಷ್ಟು ದೂರ ಹೋಗುವುದಿಲ್ಲ, ಬೇಡವೆಂದರೆ ನಿಲ್ಲಿಸಲೂ ಬಹುದು.

ಮತಿಜ್ಞಾನದ ಅವಗ್ರಹ, ಈಹಾ, ಅವಾಯ, ಧಾರಣೆ ಎಂಬ ನಾಲ್ಕು ಭೇದಗಳು ಇಲ್ಲಿ ನೆನಪಾಗುತ್ತವೆ. ಕ್ಯಾಮರಾದಿಂದ ನಮಗೆ ಬೇಕಾದುದು ಅವಗ್ರಹ. ಹೆಚ್ಚೆಂದರೆ ಅದು ಕಾರ್ಡಿನಲ್ಲಿ ಉಳಿಯಲು ಧಾರಣೆ. ನಡುವಣ ಎರಡು, ಇದು ಸೊನ್ನೆಯೋ ಹುಳು ಕೊರೆದ ರಂಧ್ರವೋ ಎಂಬ ವಿಚಾರಣೆಯೂ ಇದು ಸೊನ್ನೆಯೇ ಎಂಬ ನಿಶ್ಚಯವೂ, ಸಂಪಾದಕನ ಅಧಿಕಾರಕ್ಕೆ ಸೇರಿದವು. ಫೋನು ಈ ಎರಡನ್ನೂ ತಾನೇ ಮಾಡಿ ಮುಗಿಸಿ, ಫಲವನ್ನು ಅವಗ್ರಹವೆಂಬ ಹೆಸರಿನಲ್ಲಿ ನಮ್ಮ ಕೈಗಿಡುತ್ತದೆ. ಉಪಮಾನವನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಜಡಕ್ಕೆ ಜ್ಞಾನವೆಲ್ಲಿಯದೆಂದು ಪಂಡಿತರು ಆಕ್ಷೇಪಿಸಿಯಾರು.

ಯಂತ್ರವು ಇಲ್ಲದ್ದನ್ನು ಸೇರಿಸಿದ ಉದಾಹರಣೆಗಳೂ ಉಂಟು. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಗಣಕವಿಜ್ಞಾನಿ, ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಕಾಗದದಲ್ಲಿದ್ದ 6ನ್ನು 8 ಆಗಿ ಬದಲಿಸುತ್ತವೆಂಬುದನ್ನು ತೋರಿಸಿಕೊಟ್ಟರು. ಜಾಗ ಉಳಿಸುವುದಕ್ಕಾಗಿ ಯಂತ್ರವು ಒಂದನ್ನೊಂದು ಹೋಲುವ ಗುರುತುಗಳನ್ನೆಲ್ಲ ಒಂದೇ ಎಂದು ಎಣಿಸಿ, ಒಂದರ ಅಚ್ಚನ್ನು ಇನ್ನೊಂದರ ಸ್ಥಾನದಲ್ಲಿ ಇಡುತ್ತಿತ್ತು. ಬದಲಾದ ಅಂಕೆಯು ಮಸುಕಾಗಿರಲಿಲ್ಲ; ಸ್ಫುಟವಾಗಿಯೇ ಇತ್ತು. 'ಪ'ಕಾರವನ್ನು 'ವ'ಕಾರವೆಂದು ಬರೆದ ಲಿಪಿಕಾರನ ದೋಷವೂ ಇದೇ ಜಾತಿಯದು. ಕಂಪನಿಯು ಬಳಿಕ ತಿದ್ದುಪಡಿ ಹೊರಡಿಸಿತು. 2023ರ ಮಾರ್ಚ್ ತಿಂಗಳಿನಲ್ಲಿ ಮತ್ತೊಂದು ಸಂಗತಿ ಬಯಲಿಗೆ ಬಂದಿತು. ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕುಗೊಳಿಸಿ, ಗಣಕದ ಪರದೆಯ ಮೇಲೆ ತೋರಿಸಿ, ಅದನ್ನು ಸ್ಯಾಮ್‌ಸಂಗ್ ಫೋನಿನಿಂದ ಚಿತ್ರಿಸಿದಾಗ, ಪರದೆಯ ಮೇಲಿಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದ್ದವು. ಚಂದ್ರನು ಹೀಗಿರುತ್ತಾನೆಂದು ಫೋನು ಮೊದಲೇ ಕಲಿತಿತ್ತು. ಅಕ್ಷರವನ್ನು ಕುರಿತು ಹೀಗೆ ಕಲಿತ ಫೋನು ಹಳಗನ್ನಡದ ಲಿಪಿಯನ್ನು ಇಂದಿನ ಅಚ್ಚಿನ ಲಿಪಿಯ ಕಡೆಗೆ ಒಲಿಸುವ ದಿನ ದೂರವಿಲ್ಲವೆಂಬ ಆತಂಕ ನನಗಿದೆ. ಗ್ರಂಥಾಂತ್ಯದಲ್ಲಿ, ಕಂಡಂತೆ ಬರೆದಿದ್ದೇನೆ, ದೋಷವನ್ನು ನನ್ನ ಮೇಲೆ ಹೊರಿಸಬೇಡಿರೆಂದು ಬಿನ್ನವಿಸುತ್ತಿದ್ದ ನಮ್ಮ ಲಿಪಿಕಾರರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರಾಗಿದ್ದರು.

ಇಷ್ಟನ್ನೂ ಓದಿದವರು ನಾನು ಫೋನನ್ನು ತ್ಯಾಜ್ಯವೆನ್ನುತ್ತೇನೆಂದು ಭಾವಿಸಬಾರದು. ಚಿಕ್ಕ ಕ್ಯಾಮರಾ ನನ್ನ ಮಾನವನ್ನೂ ಕಳೆದಿದೆ. ಒಮ್ಮೆ ಬಸದಿಯೊಂದರ ಕತ್ತಲೆಯ ಕೋಣೆಯಲ್ಲಿ ಅದು ಗರಿಯ ಮೇಲೆ ದೃಷ್ಟಿ ನಿಲ್ಲಿಸಲಾರದೆ ಕೆಳಗಿನ ಬಟ್ಟೆಯ ನೇಯ್ಗೆಯ ಮೇಲೆ ನಿಲ್ಲಿಸಿತು. ಅದರ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಸರಿಯಾಗಿರುವಂತೆಯೇ ಕಂಡಿತು. ಊರಿಗೆ ಬಂದು ಗಣಕದಲ್ಲಿ ನೋಡಿದರೆ 40 ಗರಿಗಳು ಮಂಜು ಮುಸುಕಿದಂತಿದ್ದವು. ಅಷ್ಟರಲ್ಲಿ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಬೀಗ ಹಾಕಿಯಾಗಿತ್ತು. ಮತ್ತೆ ತೆರೆದುದು ಮರುವರ್ಷ. ಫೋನಿನ ದೊಡ್ಡ ಪರದೆಯಲ್ಲಾಗಿದ್ದರೆ ಸ್ಥಳದಲ್ಲಿಯೇ ಹಿಗ್ಗಿಸಿ ನೋಡಿ ದೋಷವನ್ನು ಅರಿಯಬಹುದಿತ್ತು. ಇದಲ್ಲದೆ ಚಿಕ್ಕ ಕ್ಯಾಮರಾ ಕೆಟ್ಟರೆ ನಮ್ಮ ಊರುಗಳಲ್ಲಿ ರಿಪೇರಿ ಮಾಡುವವರು ಈಗ ಸಿಕ್ಕುವುದಿಲ್ಲ. ಹಳೆಯ ಮಾದರಿಯ ಬ್ಯಾಟರಿಗೆ ಪಟ್ಟಣಗಳನ್ನು ಅಲೆಯಬೇಕು. ಬೆಲೆಯೂ ಹಲವು ಹತ್ತು ಸಾವಿರ ರೂಪಾಯಿಗಳು. ಫೋನಾದರೋ ಎಲ್ಲರ ಜೇಬಿನಲ್ಲಿಯೂ ಇದೆ. ಅಕಸ್ಮಾತ್ತಾಗಿ ಒಂದು ಮನೆಯ ಅಟ್ಟದಲ್ಲಿ ಗರಿಯ ಕಟ್ಟು ದೊರೆತಾಗ, ಕ್ಯಾಮರಾ ತರುತ್ತೇನೆಂದು ಹೋದವನು ಮರಳುವುದರೊಳಗೆ ಮನೆಯವರ ಮನಸ್ಸು ಬದಲಾಗಿರುವುದುಂಟು.

ಆದಕಾರಣ ನನ್ನ ಉತ್ತರ ನಮ್ಮ ದರ್ಶನದವರ ಎಂದಿನ ಉತ್ತರದಂತೆ 'ಸ್ಯಾತ್' ಎಂದೇ ಆರಂಭವಾಗುತ್ತದೆ. ಮಸಿ ನಿಂತಿರುವ, ಅಕ್ಷರ ದೊಡ್ಡದಾದ ಗರಿಗಳಿಗೆ, ಗ್ರಂಥಸೂಚಿಗಾಗಿ ಆದಿ ಅಂತ್ಯಗಳನ್ನು ದಾಖಲಿಸುವುದಕ್ಕೆ, ಕಾಗದದ ಪ್ರತಿಗಳಿಗೆ ಫೋನು ಸಾಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟವಾದ ತಮ್ಮ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಗಾಗಿ ಕಟ್ಟುಗಳನ್ನು ಬಿಚ್ಚಿ ನೋಡಿ ಕೈಯಿಂದಲೇ ಬರೆದುಕೊಳ್ಳಬೇಕಾಗಿದ್ದ ಕಾಲವನ್ನು ನೆನೆದರೆ ಈ ಸೌಲಭ್ಯವನ್ನು ಹಳಿಯುವುದು ಕೃತಘ್ನತೆಯಾದೀತು. ಮಸಿ ಉದುರಿದ ಗರಿ, ಸೂಕ್ಷ್ಮಾಕ್ಷರದ ಗರಿ, ಏಕೈಕ ಪ್ರತಿ, ಪಾಠನಿರ್ಣಯಕ್ಕೆ ಆಧಾರವಾಗಬೇಕಾದ ಪ್ರತಿ, ಇವುಗಳಿಗೆ ಚಿಕ್ಕ ಕ್ಯಾಮರಾ ಈಗಲೂ ಬೇಕು. ಅದು ಇಲ್ಲದಿದ್ದರೆ ಫೋನಿನಲ್ಲಿ ಕಚ್ಚಾ ಚಿತ್ರವನ್ನಾದರೂ ತೆಗೆಯಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ 2014ರಿಂದಲೂ ಡಿ.ಎನ್.ಜಿ. ಎಂಬ ಕಚ್ಚಾ ರೂಪಕ್ಕೆ ಅವಕಾಶವಿದೆ. ಎಲ್ಲ ತಯಾರಕರೂ ಅದನ್ನು ಒದಗಿಸಿರುವುದಿಲ್ಲ, ಒದಗಿಸಿದವರೂ ಅದನ್ನು ಮುಂದೆ ಕಾಣುವಂತೆ ಇಟ್ಟಿರುವುದಿಲ್ಲ. ದಾಖಲೆಪತ್ರಗಳಿಗೆಂದು ಫೋನಿನಲ್ಲಿರುವ 'ಸ್ಕ್ಯಾನ್' ಎಂಬ ವಿಧಾನವನ್ನು ಗರಿಗೆ ಎಂದೂ ಬಳಸಬಾರದು. ಅದು ಹಿನ್ನೆಲೆಯನ್ನು ಬಿಳಿದುಮಾಡುವ ಭರದಲ್ಲಿ ಗೀರುಗಳನ್ನು ನುಂಗುತ್ತದೆ.

ಉಪಕರಣ ಯಾವುದೇ ಆಗಲಿ, ಫ್ಲಾಷಿನ ಬೆಳಕು ನಿಷಿದ್ಧ. ಎದುರಿನಿಂದ ಬಿದ್ದ ಬೆಳಕು ಗರಿಯ ಹೊಳಪಿನಿಂದ ಹಿಂದಿರುಗಿ ಅಕ್ಷರವನ್ನು ಮುಚ್ಚುತ್ತದೆ. ಕೊರೆತದಲ್ಲಿ ನೆರಳನ್ನೂ ಉಳಿಸುವುದಿಲ್ಲ. ದೀಪವನ್ನು ಪಕ್ಕದಲ್ಲಿ, ಗರಿಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಹಿಡಿಯಬೇಕು. ಇನ್ನೊಬ್ಬರ ಫೋನಿನ ಟಾರ್ಚು ಇದಕ್ಕೆ ಬಹಳ ಅನುಕೂಲ. ಚಿತ್ರಕ್ಕೆ ಕ್ಯಾಮರಾ, ದೀಪಕ್ಕೆ ಫೋನು ಎಂಬ ಈ ಸಹಕಾರದಿಂದ ನಾವು ಎಷ್ಟೋ ಗರಿಗಳನ್ನು, ಎಣ್ಣೆ ಕಾಡಿಗೆಗಳನ್ನು ಸವರದೆಯೇ, ಓದಿದ್ದೇವೆ. ಗರಿಯ ಕೆಳಗೆ ಕಪ್ಪು ಬಟ್ಟೆಯನ್ನು ಹಾಸುವ ರೂಢಿಯನ್ನು ಬಿಟ್ಟು ನೀಲಿಯ ಕಾಗದವನ್ನು ಹಾಸುವುದು ಲೇಸು. ಕಪ್ಪಿನ ಮೇಲೆ ಹುಳು ಕೊರೆದ ರಂಧ್ರವೂ ಕಪ್ಪು, ಸೊನ್ನೆಯೂ ಕಪ್ಪು, ಮಸಿಯ ಚುಕ್ಕೆಯೂ ಕಪ್ಪು. ನೀಲಿಯ ಮೇಲೆ ರಂಧ್ರ ಮಾತ್ರ ನೀಲಿಯಾಗಿ ಕಾಣುತ್ತದೆ. ಎರಡು ರೂಪಾಯಿಯ ಕಾಗದ ಎಷ್ಟೋ ಪಾಠಾಂತರಗಳನ್ನು ಉಳಿಸುತ್ತದೆ. ಪ್ರತಿಯೊಂದು ಚಿತ್ರದಲ್ಲಿಯೂ ಅಳತೆಪಟ್ಟಿ ಇರಬೇಕು; ಅಂಚಿನಲ್ಲಿರುವ ಗರಿಯ ಸಂಖ್ಯೆ ಬಿಟ್ಟುಹೋಗಬಾರದು.

ತೆಗೆದ ಚಿತ್ರವನ್ನು ಕಳುಹಿಸುವ ಬಗೆಯಲ್ಲಿ ನಡೆಯುವ ಹಾನಿ ತೆಗೆಯುವಾಗಿನ ಹಾನಿಗಿಂತ ದೊಡ್ಡದು. ವಾಟ್ಸಾಪಿನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಸಾಮಾನ್ಯ ದರ್ಜೆಯಲ್ಲಿ ಕಳುಹಿಸಿದರೆ ಅದರ ಉದ್ದನೆಯ ಬದಿ ಸುಮಾರು 1600 ಬಿಂದುಗಳಿಗೆ ಕುಗ್ಗುತ್ತದೆ. ನಮ್ಮ 45 ಸೆಂ.ಮೀ. ಗರಿಗೆ ಮಿಲಿಮೀಟರಿಗೆ ಮೂರೂವರೆ ಬಿಂದುಗಳು ಉಳಿದವು. ಸೊನ್ನೆಯ ಗೆರೆಗೆ ಒಂದು ಬಿಂದುವೂ ಇಲ್ಲ. ಇಂಥ ಚಿತ್ರವನ್ನು ನೋಡಿ ಪಾಠವನ್ನು ನಿರ್ಣಯಿಸಿ ಲೇಖನ ಬರೆದವರನ್ನು ನಾನು ಬಲ್ಲೆನು. ಕಳುಹಿಸಲೇಬೇಕಾದರೆ 'ಡಾಕ್ಯುಮೆಂಟ್' ಎಂಬ ದಾರಿಯಿಂದ ಕಳುಹಿಸಬೇಕು. ಆಗ ಕಡತವು ಇದ್ದಂತೆಯೇ ಹೋಗುತ್ತದೆ. ಕ್ಯಾಮರಾದ ಕಾರ್ಡನ್ನು ಕೈಯಿಂದ ಕೈಗೆ ಕೊಡುವುದು ಇನ್ನೂ ಒಳ್ಳೆಯದು.

ಕಾರ್ಡಿನ ಮಾತು ಬಂದುದರಿಂದ ಭಂಡಾರಗಳ ಪಾಲಕರ ಕಳವಳವನ್ನೂ ಹೇಳಬೇಕು. ಭಾರತ ಸರ್ಕಾರದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ 2003ರಲ್ಲಿ ಆರಂಭವಾದುದರಿಂದಲೂ, 2025ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಉದ್ದೇಶಿಸಿ ಜ್ಞಾನಭಾರತಂ ಯೋಜನೆಯನ್ನು ಘೋಷಿಸಿದುದರಿಂದಲೂ ದೊಡ್ಡ ಸಂಗ್ರಹಗಳಿಗೆ ತಕ್ಕ ಯಂತ್ರಗಳು ಒದಗಬಹುದು. ಆದರೆ ಹತ್ತಿಪ್ಪತ್ತು ಕಟ್ಟುಗಳ ಮನೆಭಂಡಾರಕ್ಕೆ ಆ ಯಂತ್ರ ಬರುವುದು ಯಾವಾಗಲೋ. ಅಲ್ಲಿಗೆ ಹೋಗುವವರು ನಾವು. ಹಿರಿಯ ಪಾಲಕರೊಬ್ಬರು ನನ್ನ ಕೈಯಲ್ಲಿ ಕ್ಯಾಮರಾವನ್ನು ಕಂಡು ಸಮಾಧಾನಗೊಂಡರು, ಫೋನನ್ನು ಕಂಡು ಹಿಂಜರಿದರು. "ಸ್ವಾಮೀ, ಅದರಲ್ಲಿ ತೆಗೆದದ್ದು ನಿಮ್ಮ ಹತ್ತಿರ ಉಳಿಯುತ್ತದೆ, ಇದರಲ್ಲಿ ತೆಗೆದದ್ದು ನೀವು ಮನೆ ಮುಟ್ಟುವುದರೊಳಗೆ ಎಲ್ಲೆಲ್ಲಿಗೆ ಹೋಗಿರುತ್ತದೋ" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಫೋನಿನ ಚಿತ್ರಗಳು ಒಡೆಯನು ಗಮನಿಸದೆಯೇ ಅಂತರಜಾಲದ ಉಗ್ರಾಣಕ್ಕೆ ನಕಲಾಗುವ ವ್ಯವಸ್ಥೆ ಬಹುಮಟ್ಟಿಗೆ ಚಾಲೂ ಇರುತ್ತದೆ. ಭಂಡಾರದ ಬಾಗಿಲಲ್ಲಿಯೇ ಅದನ್ನು ನಿಲ್ಲಿಸಿ, ನಿಲ್ಲಿಸಿದ್ದನ್ನು ಪಾಲಕರಿಗೆ ತೋರಿಸಿ, ಕೆಲಸ ಮುಗಿದ ದಿನವೇ ಎಲ್ಲ ಚಿತ್ರಗಳ ಒಂದು ನಕಲನ್ನು ಅವರಿಗೆ ಒಪ್ಪಿಸುವುದು ನಾನು ಇಟ್ಟುಕೊಂಡಿರುವ ಪದ್ಧತಿ. ಇದರಿಂದ ಮುಚ್ಚಿದ್ದ ಎರಡು ಪೆಟ್ಟಿಗೆಗಳು ನನಗೆ ತೆರೆದಿವೆ.

ಮೇಲೆ ಹೇಳಿದ ಕರ್ಮವ್ಯಾಖ್ಯಾನದ ಕಟ್ಟಿನಲ್ಲಿ ಒಟ್ಟು 112 ಗರಿಗಳು. ಅವುಗಳಲ್ಲಿ 31ನ್ನು ಮಾತ್ರ ಓರೆಬೆಳಕಿನಲ್ಲಿ ಕ್ಯಾಮರಾದಿಂದ ಮರಳಿ ತೆಗೆದಿದ್ದೇವೆ. ಮೊದಲ ಓದಿನಲ್ಲಿ ಬಿಟ್ಟುಹೋಗಿದ್ದ ಸೊನ್ನೆಗಳು ಇಷ್ಟರಲ್ಲಿಯೇ 9 ದೊರೆತಿವೆ. ಉಳಿದ 81 ಗರಿಗಳಿಗಾಗಿ ಬರುವ ಶ್ರುತಪಂಚಮಿಯಂದು, ಕಟ್ಟುಗಳ ಬಟ್ಟೆ ಬದಲಿಸಲು ಭಂಡಾರವನ್ನು ತೆರೆಯುವಾಗ, ಮೂರು ದಿನಗಳ ಅವಕಾಶವನ್ನು ಪಾಲಕರು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಆ ಗ್ರಂಥದ ಪಾಠವನ್ನು ಅಚ್ಚಿಗೆ ಕೊಡುವುದನ್ನು ತಡೆಹಿಡಿದಿದ್ದೇನೆ.